ಬೆಲೆ ಕಟ್ಟಲಾಗದ ಸರಕು

ಜೂನ್ ತಿಂಗಳಲ್ಲಿ ಭಟ್ಕಳದ ಬೆಳಗು ಮಳೆಯೊಡನೆಯೇ ಮೂಡುತ್ತದೆ. ಪೂರ್ವದ ಸಹ್ಯಾದ್ರಿ ಮೋಡದ ಮರೆಯಲ್ಲಿ ಅಡಗಿರುತ್ತದೆ. ಬಂದರದ ಕಡೆಯಿಂದ ಬೀಸುವ ಗಾಳಿಯಲ್ಲಿ ಉಪ್ಪಿನ ವಾಸನೆಯಿರುತ್ತದೆಯೇ ಹೊರತು ಮೀನಿನ ವಾಸನೆ ಅಷ್ಟಾಗಿ ಇರುವುದಿಲ್ಲ. ಜೂನ್ 1 ರಿಂದ ಜುಲೈ 31 ರವರೆಗೆ, 61 ದಿನಗಳ ಕಾಲ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನಿಗೆ ಮರಿ ಮಾಡಲು ಬಿಡುವು ಸಿಗುತ್ತದೆ. ಬೋಟಿನಲ್ಲಿ ದುಡಿಯುವವನಿಗೂ ಬಿಡುವು ಸಿಗುತ್ತದೆ. ಮೀನಿಗೆ ಸಿಕ್ಕಿದ ಬಿಡುವು ಸಂತಾನಕ್ಕಾದರೆ, ಮನುಷ್ಯನಿಗೆ ಸಿಕ್ಕಿದ್ದು ಸಾಲಕ್ಕೆ. ಅದೇ ತಿಂಗಳು ಶಾಲೆಗಳು ತೆರೆಯುತ್ತವೆ.

ಅಂತಹ ಒಂದು ಬೆಳಗಿನಲ್ಲಿ ಕಾರವಾರಕ್ಕೆ ಹೋಗುವ ಬಸ್ಸಿನ ಒಂದೇ ಆಸನದಲ್ಲಿ ಇಬ್ಬರು ಕುಳಿತಿದ್ದರು. ಕಿಟಕಿಯ ಪಕ್ಕದಲ್ಲಿದ್ದವರು ನಿವೃತ್ತರಾದ ಶಾಲಾ ಮಾಸ್ತರರು. ಕುಮಟೆಯಲ್ಲಿ ಮಗಳ ಮನೆಗೆ ಹೊರಟವರು. ಮೊಣಕಾಲಿನ ನಡುವೆ ಒದ್ದೆಯಾದ ಕೊಡೆ, ತೊಡೆಯ ಮೇಲೆ ಭಟ್ಕಳ ಮಲ್ಲಿಗೆಯ ಒಂದು ಪೊಟ್ಟಣ. ಪಕ್ಕದವನು ಮೂವತ್ತರ ಆಸುಪಾಸಿನ ಯುವಕ. ಬೋಟಿನ ಹಗ್ಗ ಎಳೆದೆಳೆದು ಅಂಗೈ ಗಟ್ಟಿಯಾಗಿದ್ದ ಅವನು ಅಂಗಿಯ ಜೇಬನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದನು.

“ಎಲ್ಲಿಯವರೆಗೆ, ತಮ್ಮಾ?” ಎಂದರು ಮಾಸ್ತರರು.

“ಕಾರವಾರಕ್ಕೆ, ಮಾಸ್ತರ್ರೆ. ರಕ್ತ ಕೊಡೂಕೆ.”

ಬೋಟಿನ ಜೊತೆಗಾರನ ಅಕ್ಕನಿಗೆ ಮರುದಿನ ಶಸ್ತ್ರಚಿಕಿತ್ಸೆ. ಅವಳದು ಮತ್ತು ಇವನದು ಒಂದೇ ರಕ್ತದ ಗುಂಪು. ಅವಳ ಗಂಡ ಹಿಂದಿನ ಸಂಜೆಯೇ ಮನೆಗೆ ಬಂದು ಕೈಮುಗಿದು ಕೇಳಿದ್ದನು. ಹೋಗುವಾಗ ಐನೂರರ ಮೂರು ನೋಟುಗಳನ್ನು ಜೇಬಿಗೆ ತುರುಕಿದ್ದನು. ಜೇಬನ್ನು ಮುಟ್ಟಿ ನೋಡಿಕೊಳ್ಳುವುದರ ಗುಟ್ಟು ಇಷ್ಟೇ.

“ಇಟ್ಕೊಂಡ್ರೆ ತಪ್ಪೇನ್ರಾ?” ಎಂದು ಅವನೇ ಕೇಳಿದನು. “ಬೋಟು ದಡದಲ್ಲಿದೆ. ಮಗಳಿಗೆ ಶಾಲೆ ಸುರುವಾಯ್ತು. ನಮ್ಮೂರಿನ ಹುಡುಗನೊಬ್ಬ ಅಮೆರಿಕದಲ್ಲಿ ಓದ್ತಾನೆ. ಅಲ್ಲಿ ಅವನ ಜೊತೆಯವರು ರಕ್ತದ ನೀರು ಕೊಟ್ಟು ದುಡ್ಡು ತರ್ತಾರಂತೆ. ಪ್ಲಾಸ್ಮಾ ಅಂತಾರಂತೆ ಅದಕ್ಕೆ.”

ಮಾಸ್ತರರು ಉತ್ತರ ಕೊಡಲಿಲ್ಲ. ಬಸ್ಸು ಊರು ಬಿಟ್ಟು ಹೆದ್ದಾರಿಗೆ ಏರಿತ್ತು.

ಈ ದಾರಿಯಲ್ಲಿ ಬೆಲೆಯ ಪ್ರಶ್ನೆ ಹೊಸದಲ್ಲ. ಭಟ್ಕಳ, ಹೊನ್ನಾವರ, ಕುಮಟೆ - ಮೂರೂ ವ್ಯಾಪಾರದಿಂದಲೇ ಹೆಸರು ಪಡೆದ ಊರುಗಳು. ವಿಜಯನಗರದ ಅರಸರ ಕಾಲದಲ್ಲಿ ಭಟ್ಕಳದ ರೇವಿನಲ್ಲಿ ಕಡಲಾಚೆಯ ಕುದುರೆಗಳು ಇಳಿಯುತ್ತಿದ್ದವು. ಅಕ್ಕಿ, ಸಕ್ಕರೆ, ಕಬ್ಬಿಣಗಳು ಹಡಗು ಹತ್ತುತ್ತಿದ್ದವು. ಹೊನ್ನಾವರದಿಂದ ಶರಾವತಿಯನ್ನು ಹಿಡಿದು ಮೇಲಕ್ಕೆ ಹೋದರೆ ಗೇರುಸೊಪ್ಪೆ. ಅಲ್ಲಿ 1552 ರಿಂದ 1606 ರವರೆಗೆ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ಯೆಂದೇ ಕರೆದರು. ಇನ್ನು ಕುಮಟೆ ಹತ್ತಿಯ ಊರು. ಒಂದು ಬಗೆಯ ಅರಳೆಗೆ ಈ ಊರಿನ ಹೆಸರೇ ಅಂಟಿಕೊಂಡು ವಿಲಾಯತಿಯ ಪೇಟೆಯವರೆಗೂ ಹೋಯಿತು. ಕುದುರೆಗೆ ಬೆಲೆ, ಮೆಣಸಿಗೆ ಬೆಲೆ, ಹತ್ತಿಗೆ ಬೆಲೆ. ಹೀಗಿರುವಾಗ ರಕ್ತಕ್ಕೇಕೆ ಇಲ್ಲವೆಂಬ ಯುವಕನ ಪ್ರಶ್ನೆ ಈ ನೆಲಕ್ಕೆ ಸಹಜವಾದ ಪ್ರಶ್ನೆಯೇ ಸರಿ.

ಶಿರಾಲಿಯ ಚಿತ್ರಾಪುರ ಮಠದ ದಾರಿ ಹಿಂದೆ ಸರಿಯಿತು. ಮುರ್ಡೇಶ್ವರಕ್ಕೆ ತಿರುಗುವಲ್ಲಿ ಯಾತ್ರಿಕರು ಇಳಿದರು. ಆಮೇಲೆ ಮಂಕಿಯ ತೋಟಗಳು, ನೀರು ನಿಂತ ಗದ್ದೆಗಳು, ಕಂಬಳಿ ಕೊಪ್ಪೆ ಹಾಕಿಕೊಂಡು ಬಾಗಿದ ಬೆನ್ನುಗಳು. ಮಾಸ್ತರರು ಈಗ ಬಾಯಿ ತೆರೆದರು.

“ನಿನ್ನ ಊರಿನ ಹುಡುಗ ಹೇಳಿದ್ದು ಸುಳ್ಳಲ್ಲ. ಆದರೆ ಅವರು ಕೊಡುವುದು ನೀನು ಕೊಡುವ ರಕ್ತವಲ್ಲ.”

ಅವರು ಹೇಳಿದ್ದರ ಸಾರ ಹೀಗಿತ್ತು. ರಕ್ತವನ್ನು ಗಾಜಿನ ನಳಿಗೆಯಲ್ಲಿ ಹೆಪ್ಪುಗಟ್ಟದಂತೆ ನಿಲ್ಲಿಸಿದರೆ ಕೆಂಪು ಕಣಗಳು ತಳಕ್ಕೆ ಇಳಿಯುತ್ತವೆ; ಮೇಲೆ ಹುಲ್ಲಿನ ಬಣ್ಣದ ತಿಳಿ ನಿಲ್ಲುತ್ತದೆ. ಅದೇ ಪ್ಲಾಸ್ಮಾ. ರಕ್ತದ ಅರ್ಧಕ್ಕಿಂತ ಹೆಚ್ಚು ಭಾಗ ಇದೇ. ಇದರಲ್ಲಿ ಬಹುಪಾಲು ನೀರು. ಉಳಿದ ಸ್ವಲ್ಪದಲ್ಲಿಯೇ ರಕ್ತ ಹೆಪ್ಪುಗಟ್ಟಿಸುವ, ರೋಗದೊಡನೆ ಹೋರಾಡುವ ಪ್ರೋಟೀನುಗಳೆಲ್ಲ ಅಡಗಿವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಜ್ಞಾನಿ ಎಡ್ವಿನ್ ಕೋನ್ ಈ ಪ್ರೋಟೀನುಗಳನ್ನು ಒಂದೊಂದಾಗಿ ಬೇರ್ಪಡಿಸುವ ವಿಧಾನವನ್ನು ರೂಪಿಸಿದನು. ಅಲ್ಲಿಂದ ಪ್ಲಾಸ್ಮಾ ಎಂಬುದು ಔಷಧದ ಕಚ್ಚಾ ಸಾಮಗ್ರಿಯಾಯಿತು. ಕುಸುಮರೋಗದ ಮಕ್ಕಳಿಗೆ ಬೇಕಾದ ಹೆಪ್ಪುಗಟ್ಟಿಸುವ ಅಂಶ, ಸುಟ್ಟಗಾಯದವರಿಗೆ ಅಲ್ಬುಮಿನ್, ರೋಗನಿರೋಧಕ ಶಕ್ತಿ ಇಲ್ಲದವರಿಗೆ ಇಮ್ಯುನೊಗ್ಲಾಬ್ಯುಲಿನ್ - ಎಲ್ಲಕ್ಕೂ ಮೂಲ ಯಾರದೋ ತೋಳಿನಿಂದ ಇಳಿದ ಈ ತಿಳಿಯೇ.

ಅಮೆರಿಕದಲ್ಲಿ ಯಂತ್ರವೊಂದು ತೋಳಿನಿಂದ ರಕ್ತವನ್ನು ಎಳೆದು, ಪ್ಲಾಸ್ಮಾವನ್ನು ಮಾತ್ರ ಇಟ್ಟುಕೊಂಡು, ಕಣಗಳನ್ನು ಮರಳಿ ದೇಹಕ್ಕೆ ಸೇರಿಸುತ್ತದೆ. ಆದುದರಿಂದ ಒಬ್ಬನು ವಾರಕ್ಕೆ ಎರಡು ಸಲ ಕೊಡಬಹುದೆಂದು ಅಲ್ಲಿಯ ನಿಯಮ. ಪ್ರತಿ ಸಲವೂ ಹಣ ಸಿಗುತ್ತದೆ. ಜಗತ್ತಿನ ಔಷಧ ಕಾರ್ಖಾನೆಗಳಿಗೆ ಹೋಗುವ ಪ್ಲಾಸ್ಮಾದ ಅರ್ಧಕ್ಕಿಂತ ಹೆಚ್ಚು ಅದೊಂದೇ ದೇಶದ್ದು. ಆದರೆ ನೇರವಾಗಿ ರೋಗಿಗೆ ಏರಿಸುವ ರಕ್ತದ ವಿಷಯದಲ್ಲಿ ಅದೇ ದೇಶ 1978 ರಲ್ಲಿ ಒಂದು ನಿಯಮ ಮಾಡಿತು: ಕೊಟ್ಟವನು ದಾನಿಯೋ, ಹಣ ಪಡೆದವನೋ ಎಂಬುದನ್ನು ಚೀಲದ ಮೇಲೆ ಬರೆಯಬೇಕು. ಹಾಗೆ ಬರೆದ ಮೇಲೆ ಹಣ ಕೊಟ್ಟು ತಂದ ರಕ್ತ ಆಸ್ಪತ್ರೆಗಳಿಂದ ಬಹುಮಟ್ಟಿಗೆ ಮಾಯವಾಯಿತು.

“ನಮ್ಮಲ್ಲಿ?” ಎಂದನು ಯುವಕ.

“ನಮ್ಮಲ್ಲಿ ಎರಡನ್ನೂ ಮಾರುವ ಹಾಗಿಲ್ಲ.”

ಮಾತು ಇಲ್ಲಿಗೆ ಬರುವಾಗ ಕಾಸರಕೋಡು ಕಳೆದು ಶರಾವತಿ ಕಾಣಿಸಿಕೊಂಡಿತು. ಮಳೆಗಾಲದ ಶರಾವತಿ ಕೆಮ್ಮಣ್ಣಿನ ಬಣ್ಣದಲ್ಲಿ ಅಗಲವಾಗಿ ಹರಡಿ ಕಡಲಿಗೆ ಇಳಿಯುವ ನೋಟ ಈ ದಾರಿಯ ಸಿರಿ. ಹೆದ್ದಾರಿಯ ಸೇತುವೆಯಲ್ಲದೆ ಇಲ್ಲಿ ಕೊಂಕಣ ರೈಲಿನ ಸೇತುವೆಯೂ ಇದೆ. ಎರಡು ಕಿಲೋಮೀಟರಿಗಿಂತ ಉದ್ದವಾದ ಅದು ಆ ಮಾರ್ಗದ ಸೇತುವೆಗಳಲ್ಲೆಲ್ಲ ದೀರ್ಘವಾದದ್ದು. ಆ ರೈಲುಮಾರ್ಗ ಪೂರ್ಣವಾಗಿ ಸಂಚಾರಕ್ಕೆ ತೆರೆದದ್ದು 1998 ರ ಜನವರಿ 26 ರಂದು. ಅದೇ ತಿಂಗಳ ಮೊದಲ ದಿನ, 1998 ರ ಜನವರಿ 1 ರಂದು, ಭಾರತದಲ್ಲಿ ಹಣಕ್ಕಾಗಿ ರಕ್ತ ಕೊಡುವ ವೃತ್ತಿ ಕಾನೂನಿನ ಪ್ರಕಾರ ನಿಂತುಹೋಯಿತು. ‘ಕಾಮನ್ ಕಾಸ್’ ಎಂಬ ಸಂಸ್ಥೆ ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1996 ರ ಜನವರಿ 4 ರಂದು ಇತ್ತ ತೀರ್ಪು ಅದಕ್ಕೆ ಕಾರಣ. ಒಂದೇ ತಿಂಗಳಲ್ಲಿ ಕರಾವಳಿಯಲ್ಲಿ ಒಂದು ದಾರಿ ತೆರೆಯಿತು. ದೇಶದಲ್ಲಿ ಒಂದು ದಾರಿ ಮುಚ್ಚಿತು.

ಹೊನ್ನಾವರದ ನಿಲ್ದಾಣದಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುವುದೆಂದು ಕಂಡಕ್ಟರು ಕೂಗಿದನು.

“ಬೆಳಿಗ್ಗೆ ಏನಾದರೂ ತಿಂದಿದ್ದೀಯಾ?”

“ಚಾ ಕುಡಿದು ಬಂದೆ.”

“ಏಳು. ಹಸಿದ ಹೊಟ್ಟೆಯಲ್ಲಿ ರಕ್ತ ಕೊಡಬಾರದು. ತಲೆ ತಿರುಗಿ ಬೀಳುತ್ತೀಯೆ.”

ಮಾಸ್ತರರು ಅವನನ್ನು ಎಬ್ಬಿಸಿಕೊಂಡು ಹೋಗಿ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಬನ್ಸು, ಚಹಾ ಕೊಡಿಸಿದರು. ಯುವಕ ಎರಡನೆಯ ಬನ್ಸಿಗೆ ಸಂಕೋಚಪಟ್ಟನು. ಮಾಸ್ತರರು ಕೇಳಲಿಲ್ಲ, ತಾವೇ ತಟ್ಟೆಗೆ ಹಾಕಿಸಿದರು. ಹಣವನ್ನೂ ತಾವೇ ಕೊಟ್ಟರು.

ಹೊನ್ನಾವರದಂತಹ ಊರಿನಲ್ಲಿ ರಕ್ತದ ಮಾತು ಬರಿಯ ಧರ್ಮೋಪದೇಶದ ಮಾತಲ್ಲ. ಪೂರ್ವದ ಕಾಡಿನ ಅಂಚಿನಲ್ಲಿ ಚಳಿಗಾಲದಿಂದ ಬೇಸಗೆಯವರೆಗೆ ಮಂಗನ ಕಾಯಿಲೆಯ ಭಯ ಇರುತ್ತದೆ. 1957 ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ಜ್ವರ ಉಣ್ಣೆಯ ಕಡಿತದಿಂದ ಬರುತ್ತದೆ. ರೋಗ ಉಲ್ಬಣಿಸಿದರೆ ರಕ್ತದ ಕಿರುಬಿಲ್ಲೆಗಳು ಕುಸಿದು ಒಸಡು, ಮೂಗು, ಕರುಳುಗಳಿಂದ ರಕ್ತ ಒಸರುವುದುಂಟು. ಕಿರುಬಿಲ್ಲೆಗಳನ್ನು ತೆಗೆದಿಟ್ಟರೆ ಐದು ದಿನಕ್ಕಿಂತ ಹೆಚ್ಚು ಬಾಳಿಕೆ ಬರುವುದಿಲ್ಲ. ಪ್ಲಾಸ್ಮಾವನ್ನಾದರೆ ಹೆಪ್ಪುಗಟ್ಟಿಸಿ ವರ್ಷದವರೆಗೆ ಇಡಬಹುದು. ಇನ್ನು ಗದ್ದೆಯಲ್ಲಿ ಹಾವು ಕಚ್ಚಿದವನಿಗೆ ಕೊಡುವ ಪ್ರತಿವಿಷವೂ ಪ್ಲಾಸ್ಮಾದಿಂದಲೇ ಬರುವುದು. ಆದರೆ ಅದು ಕುದುರೆಯ ಪ್ಲಾಸ್ಮಾ. ಒಂದು ಕಾಲಕ್ಕೆ ಸೈನ್ಯಕ್ಕಾಗಿ ಈ ಕರಾವಳಿಯಲ್ಲಿ ಇಳಿದ ಪ್ರಾಣಿಯ ಋಣ ಈಗ ಬೇರೆ ರೀತಿಯಲ್ಲಿ ಇಲ್ಲಿಯ ರೈತನ ಮೇಲಿದೆ.

ದೊಡ್ಡ ಕಾಯಿಲೆಗೆ ಈ ಕರಾವಳಿಯ ಜನ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವೆಗೋ ಓಡಬೇಕಾಗಿ ಬಂದಿರುವುದು ಹಳೆಯ ಅಳಲು. 2022 ರ ಜುಲೈ 20 ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಕುಂದಾಪುರದ ಕಡೆಗೆ ಧಾವಿಸುತ್ತಿದ್ದ ಆಂಬುಲೆನ್ಸು ಭಟ್ಕಳದಾಚೆಯ ಶಿರೂರಿನ ಟೋಲ್‌ಗೇಟಿನಲ್ಲಿ, ಮಳೆಯಲ್ಲಿ ನೆನೆದ ರಸ್ತೆಯ ಮೇಲೆ ಜಾರಿ ಮಗುಚಿತು, ನಾಲ್ವರು ಅಸುನೀಗಿದರು. ಆಸ್ಪತ್ರೆ ದೂರವಿದ್ದಷ್ಟೂ, ರಕ್ತ ಕೊಡಲು ಒಪ್ಪುವ ಮನುಷ್ಯ ಹತ್ತಿರವಿರಬೇಕಾಗುತ್ತದೆ.

ಬಸ್ಸು ಮತ್ತೆ ಹೊರಟಾಗ ಯುವಕ ಹಿಂದಿನ ಮಾತನ್ನು ಹಿಡಿದನು.

“ಮಾರುವ ಹಾಗಿಲ್ಲ ಅಂದ್ರಿ. ಕೊರೊನಾ ಬಂದಾಗ ಸರ್ಕಾರವೇ ಐದು ಸಾವಿರ ಕೊಡ್ತೆವೆ ಅಂತ ಹೇಳಿತ್ತಲ್ಲ?”

ಅವನ ನೆನಪು ಸರಿಯಾಗಿಯೇ ಇತ್ತು. 2020 ರ ಮಾರ್ಚಿನಲ್ಲಿ ಉತ್ತರ ಕನ್ನಡದ ಮೊದಲ ಸೋಂಕು ಕಾಣಿಸಿಕೊಂಡದ್ದು ಭಟ್ಕಳದಲ್ಲಿಯೇ, ದುಬೈಯಿಂದ ಮರಳಿದವರಲ್ಲಿ. ಊರಿಗೆ ಊರೇ ಬೀಗ ಹಾಕಿಕೊಂಡಿತು. ರೋಗಿಗಳನ್ನು ಇದೇ ಹೆದ್ದಾರಿಯಲ್ಲಿ, ಸುಮಾರು 130 ಕಿಲೋಮೀಟರು ದೂರದ ಕಾರವಾರಕ್ಕೆ ಒಯ್ದು ನೌಕಾಪಡೆಯ ಪತಂಜಲಿ ಆಸ್ಪತ್ರೆಯಲ್ಲಿ ಉಪಚರಿಸಲಾಯಿತು. ಗುಣವಾದವರ ಪ್ಲಾಸ್ಮಾದಲ್ಲಿ ರೋಗವನ್ನು ಗೆದ್ದ ಪ್ರತಿಕಾಯಗಳಿರುತ್ತವೆ, ಅದನ್ನು ಕೊಟ್ಟರೆ ಇನ್ನೊಬ್ಬನು ಉಳಿದಾನು ಎಂಬ ಆಸೆ ದೇಶದಲ್ಲೆಲ್ಲ ಹಬ್ಬಿತು. ಆ ಜುಲೈಯಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಮಾ ಕೊಡುವವರಿಗೆ ತಲಾ 5,000 ರೂಪಾಯಿ ಪ್ರೋತ್ಸಾಹಧನವನ್ನು ಪ್ರಕಟಿಸಿತು. ಆದರೆ ಆಸೆಗೆ ಆಧಾರ ಸಿಗಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಪ್ಲಾಸ್ಮಾ ಪಡೆದವರಿಗೂ ಪಡೆಯದವರಿಗೂ ರೋಗ ಉಲ್ಬಣಿಸುವುದರಲ್ಲಿಯಾಗಲಿ ಸಾವಿನಲ್ಲಿಯಾಗಲಿ ವ್ಯತ್ಯಾಸ ಕಾಣಲಿಲ್ಲ. 2021 ರ ಮೇ ತಿಂಗಳಲ್ಲಿ ಆ ಚಿಕಿತ್ಸೆಯನ್ನು ರಾಷ್ಟ್ರೀಯ ಮಾರ್ಗಸೂಚಿಯಿಂದಲೇ ತೆಗೆದುಹಾಕಲಾಯಿತು.

“ಸರ್ಕಾರ ಕೊಟ್ರೆ ಪ್ರೋತ್ಸಾಹ, ಬಡವ ಇಟ್ಕೊಂಡ್ರೆ ವ್ಯಾಪಾರ. ಹಾಗಾ, ಮಾಸ್ತರ್ರೆ?”

ಮಾಸ್ತರರು ನಕ್ಕರು. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರಿಗೆ ಒಳ್ಳೆಯ ಪ್ರಶ್ನೆಯನ್ನು ಗುರುತಿಸುವ ಶಕ್ತಿಯಿತ್ತು. ಅವರು ವಾದಕ್ಕೆ ಇಳಿಯಲಿಲ್ಲ. ಪ್ರಶ್ನೆ ಇನ್ನೂ ಆಳವಾದದ್ದೆಂಬುದೂ ನಿಜ. ರಕ್ತನಿಧಿಗೆ ಬಂದ ರಕ್ತವನ್ನು ಬೇರ್ಪಡಿಸಿದ ಮೇಲೆ ಪ್ಲಾಸ್ಮಾ ಮಿಕ್ಕುವುದುಂಟು. ಅದನ್ನು ಔಷಧ ಕಾರ್ಖಾನೆಗೆ ಕೊಡುವಾಗ ವಿನಿಮಯದ ಮೌಲ್ಯ ಲೀಟರಿಗೆ 1,600 ರೂಪಾಯಿಯೆಂದು ಕೇಂದ್ರ ಸರ್ಕಾರ 2015 ರಲ್ಲಿ ಗೊತ್ತುಮಾಡಿತು. ದಾನಿಯ ತೋಳಿನಿಂದ ಇಳಿಯುವಾಗ ಬೆಲೆಯಿಲ್ಲದ ವಸ್ತು ಮುಂದೆ ಎಲ್ಲಿಯೋ ಬೆಲೆ ಪಡೆಯುತ್ತದೆ. ದಾನಿ ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ.

ಬಸ್ಸು ಕರ್ಕಿ, ಹಳದೀಪುರಗಳನ್ನು ದಾಟಿತು. ಮಳೆ ಹಿಡಿದಿತ್ತು. ಕಿಟಕಿಯ ಗಾಜನ್ನು ಎಳೆದು ಮಾಸ್ತರರು ತಗ್ಗಿದ ದನಿಯಲ್ಲಿ ತಮ್ಮ ಕಥೆಯೊಂದನ್ನು ಹೇಳಿದರು.

1980 ರ ದಶಕ. ಹೆಂಡತಿಯ ಹೆರಿಗೆ ಕಷ್ಟವಾಗಿ ಅವಳನ್ನು ದೂರದ ದೊಡ್ಡ ಊರಿನ ಆಸ್ಪತ್ರೆಯೊಂದಕ್ಕೆ ಒಯ್ದಿದ್ದರು. ರಕ್ತ ಬೇಕೆಂದರು. ಆ ಊರಿನಲ್ಲಿ ಇವರಿಗೆ ನೆಂಟರಿಲ್ಲ, ಇಷ್ಟರಿಲ್ಲ. ಹೊರಗೆ ಚಹಾದಂಗಡಿಯಲ್ಲಿ ಕೇಳಿದರೆ ಆಳು ಸಿಗುತ್ತಾನೆಂದು ಯಾರೋ ಹೇಳಿದರು. ಸಿಕ್ಕಿದನು. ಬಿಳಿಚಿದ ಮುಖ, ಬಿಳಿಚಿದ ಉಗುರು. ಹಿಂದಿನ ವಾರವೂ ಕೊಟ್ಟಿದ್ದನೋ ಏನೋ. ಯಾರೂ ಕೇಳಲಿಲ್ಲ, ಅವನು ಹೇಳಲಿಲ್ಲ. ಹಣ ಎಣಿಸಿಕೊಂಡು ಹೋದನು. ತಾಯಿ, ಮಗು ಉಳಿದರು. ಕೆಲವು ತಿಂಗಳ ಮೇಲೆ ಹೆಂಡತಿಗೆ ಕಾಮಾಲೆಯಾಗಿ ಬಹುಕಾಲ ನರಳಿದಳು.

“ಆ ರಕ್ತದಿಂದಲೇ ಬಂತೆಂದು ನಾನು ಹೇಳಲಾರೆ. ಅದಕ್ಕೆ ಪುರಾವೆಯಿಲ್ಲ. ಅವನ ಮೇಲೆ ನನಗೆ ಸಿಟ್ಟೂ ಇಲ್ಲ. ಹೊಟ್ಟೆಗಿಲ್ಲದವನು ತನ್ನ ಕಾಯಿಲೆಯನ್ನು ಹೇಳಿಕೊಂಡರೆ ಅಂದಿನ ಕೂಲಿ ಹೋಯಿತಲ್ಲ? ಹಣ ಅವನ ಬಾಯಿ ಮುಚ್ಚಿಸಿತ್ತು. ನನ್ನನ್ನು ಈಗಲೂ ಕಾಡುವುದು ಒಂದೇ: ಊಟ ಮಾಡಿದ್ದೀಯಾ ಎಂದು ನಾನು ಅವನನ್ನು ಕೇಳಲಿಲ್ಲ. ಹಣ ಕೊಟ್ಟೆನಲ್ಲ, ಇನ್ನೇನು ಕೇಳುವುದು ಎಂದುಕೊಂಡೆ. ಹಣ ನನ್ನ ಬಾಯನ್ನೂ ಮುಚ್ಚಿಸಿತ್ತು.”

ಯುವಕ ಮಾತಾಡಲಿಲ್ಲ. ಹೊನ್ನಾವರದ ಬನ್ಸಿನ ಅರ್ಥ ಅವನಿಗೆ ಆಗ ಹೊಳೆದಿರಬೇಕು.

ಮಾಸ್ತರರು ತಮ್ಮ ಅನುಭವದಿಂದ ಕಂಡುಕೊಂಡದ್ದನ್ನು ಇಂಗ್ಲೆಂಡಿನ ರಿಚರ್ಡ್ ಟಿಟ್ಮಸ್ 1970 ರಲ್ಲಿ ಒಂದು ಗ್ರಂಥವನ್ನೇ ಬರೆದು ವಾದಿಸಿದ್ದನು: ರಕ್ತವನ್ನು ಕೊಂಡಲ್ಲಿ ರಕ್ತವೂ ಕೆಡುತ್ತದೆ, ಜನರ ನಡುವಣ ನಂಟೂ ಕೆಡುತ್ತದೆ. 1990 ರ ದಶಕದಲ್ಲಿ ಚೀನದ ಹೆನಾನ್ ಪ್ರಾಂತದ ಬಡ ರೈತರು ಪ್ಲಾಸ್ಮಾ ಮಾರಲು ಸಾಲುಗಟ್ಟಿ ನಿಂತು, ಕೊಳಕು ವಿಧಾನಗಳಿಂದಾಗಿ ಹಳ್ಳಿಗೆ ಹಳ್ಳಿಯೇ ಏಡ್ಸ್ ರೋಗಕ್ಕೆ ತುತ್ತಾದದ್ದು ಲೋಕಕ್ಕೆ ತಿಳಿದಿದೆ. ಕಾನೂನು ಬಂದ ಹತ್ತು ವರ್ಷದ ಮೇಲೂ, 2008 ರಲ್ಲಿ, ಉತ್ತರಪ್ರದೇಶದ ಗೋರಖಪುರದಲ್ಲಿ ಬಡವರನ್ನು ಕೂಡಿಹಾಕಿ ಅವರ ರಕ್ತ ಬಸಿದು ಮಾರುತ್ತಿದ್ದ ಜಾಲ ಬಯಲಾಯಿತು. ಇಂದು ನಮ್ಮಲ್ಲಿ ಪ್ರತಿಯೊಂದು ಚೀಲ ರಕ್ತಕ್ಕೂ ಎಚ್‌ಐವಿ, ಎರಡು ಬಗೆಯ ಹೆಪಟೈಟಿಸ್, ಸಿಫಿಲಿಸ್, ಮಲೇರಿಯಾಗಳ ಪರೀಕ್ಷೆ ಕಡ್ಡಾಯ. ಆದರೂ ಸೋಂಕು ತಗುಲಿದ ಮೊದಲ ದಿನಗಳಲ್ಲಿ ಪರೀಕ್ಷೆಗೆ ಸಿಗದೆ ಉಳಿಯುವುದುಂಟು. ಆ ಸಂದಿಯನ್ನು ಮುಚ್ಚುವುದು ಕೊಡುವವನ ನಿಜವಾದ ಮಾತೊಂದೇ.

ಧಾರೇಶ್ವರ ಕಳೆಯಿತು. ಕುಮಟೆ ಹತ್ತಿರವಾಯಿತು.

ಹತ್ತಿಯ ಊರಿನ ಏರಿಳಿತ ಬೆಲೆಯ ಏರಿಳಿತದ ಕಥೆಯೇ. 1861 ರಿಂದ 1865 ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತಾಗ ಧಾರವಾಡದ ಸೀಮೆಯಿಂದ ಘಟ್ಟವಿಳಿದು ಬರುವ ಅರಳೆಗೆ ಬಂಗಾರದ ಬೆಲೆ ಬಂತು. ಕುಮಟೆಯ ಬಂದರು ತುಂಬಿ ತುಳುಕಿತು. ಯುದ್ಧ ಮುಗಿಯಿತು, ಬೆಲೆ ಇಳಿಯಿತು. 1880 ರ ದಶಕದಲ್ಲಿ ಹುಬ್ಬಳ್ಳಿಯ ಕಡೆಗೆ ರೈಲು ಬಂದ ಮೇಲೆ ಹತ್ತಿ ಬೇರೆ ದಾರಿ ಹಿಡಿಯಿತು. ಬೆಲೆಯನ್ನೇ ನಂಬಿದ ನಂಟು ಬೆಲೆಯೊಡನೆಯೇ ಹೋಯಿತು. ಇಂದು ಊರಿನ ಮೊದಲ ಕಾಲೇಜುಗಳಲ್ಲೊಂದು ಹತ್ತಿಯ ಸಾಹುಕಾರನ ಹೆಸರನ್ನು ಹೊತ್ತಿಲ್ಲ, ಶಸ್ತ್ರವೈದ್ಯ ಡಾ. ಎ. ವಿ. ಬಾಳಿಗರ ಹೆಸರನ್ನು ಹೊತ್ತಿದೆ.

ನಿಲ್ದಾಣ ಬರುವ ಮೊದಲು ಯುವಕ ಜೇಬಿನಿಂದ ಮೂರು ನೋಟುಗಳನ್ನೂ ತೆಗೆದು ಅಂಗೈಯಲ್ಲಿ ಹಿಡಿದನು.

“ಇದನ್ನು ಏನು ಮಾಡಲಿ, ಮಾಸ್ತರ್ರೆ?”

“ಬಸ್ಸಿನ ಖರ್ಚನ್ನು ತೆಗೆದುಕೋ, ಅದರಲ್ಲಿ ತಪ್ಪಿಲ್ಲ. ದಾನಿಗೆ ಪ್ರಯಾಣದ ವೆಚ್ಚ, ಒಂದಿಷ್ಟು ಉಪಾಹಾರ - ಇಷ್ಟನ್ನು ಯಾರೂ ಸಂಬಳವೆನ್ನುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪಿದೆ. ಉಳಿದದ್ದನ್ನು ಕೊಟ್ಟುಬಿಡು ಎಂದು ಹೇಳುವುದು ನನಗೆ ಸುಲಭ. ನನ್ನ ಮಗಳ ಶಾಲೆ ಎಂದೋ ಮುಗಿದಿದೆ. ನಿನಗೆ ಕಷ್ಟವಿದೆ. ಕಷ್ಟವಿದೆಯೆಂದು ಅವರಿಗೆ ಹೇಳು. ಸಾಲವೆಂದು ಕೇಳು. ಕೊಡುತ್ತಾರೆ. ರಕ್ತದ ಲೆಕ್ಕಕ್ಕೆ ಮಾತ್ರ ಬರೆಸಬೇಡ.”

“ಕೊಟ್ಟದ್ದನ್ನೇ ವಾಪಸು ಕೊಟ್ಟು, ಮತ್ತೆ ಸಾಲ ಕೇಳೂದಾ?”

“ನೋಟು ಅದೇ ಇರಬಹುದು. ನೀನು ಬೇರೆಯವನಾಗುತ್ತೀಯೆ. ಇಂದು ಅಲ್ಲಿ ವೈದ್ಯರು ನಿನ್ನನ್ನು ಕೇಳುತ್ತಾರೆ: ಜ್ವರ ಬಂದಿತ್ತೇ, ಔಷಧ ತೆಗೆದುಕೊಂಡಿದ್ದೀಯಾ, ಹಿಂದೆ ಯಾವಾಗ ಕೊಟ್ಟೆ ಎಂದು. ಜೇಬಿನಲ್ಲಿ ಕೂಲಿ ಇಲ್ಲದಿದ್ದರೆ ನಿಜ ಹೇಳಲು ನಿನಗೆ ಹೆದರಿಕೆಯಿರುವುದಿಲ್ಲ.”

ಯುವಕ ನೋಟುಗಳನ್ನು ನೋಡುತ್ತ ಕುಳಿತನು. ಅನಂತರ ಬಸ್ಸಿನ ಚೀಟಿಯ ಮೇಲಿನ ದರವನ್ನು ಓದಿದನು. ಬೆರಳು ಮಡಿಸಿ ಹೋಗುವುದನ್ನೂ ಬರುವುದನ್ನೂ ಲೆಕ್ಕ ಹಾಕಿದನು. ನೋಟುಗಳನ್ನು ಚೀಟಿಯೊಳಗೆ ಮಡಿಸಿಟ್ಟನು.

“ಬೋಟು ಇಳಿಯೂದು ಆಗಸ್ಟಿಗೆ. ಎರಡು ಪಾಳಿ ಹೋದ್ರೆ ತೀರ್ತದೆ. ಹಾಗೇ ಹೇಳ್ತೆ ಅವರಿಗೆ.”

“ನೀವು ಕೊಟ್ಟಿದ್ರಾ, ಮಾಸ್ತರ್ರೆ, ಯಾವಾಗಾದ್ರೂ?” ಎಂದು ತುಸು ತಡೆದು ಕೇಳಿದನು.

“ಕೊಡುತ್ತಿದ್ದೆ. ವರ್ಷಕ್ಕೆ ಎರಡು ಸಲ. ಅರವತ್ತೈದು ದಾಟಿದ ಮೇಲೆ ಬೇಡವೆಂದುಬಿಟ್ಟರು. ಇನ್ನು ಕೊಡಬೇಕಾದವರು ನೀವು.”

ಬಸ್ಸು ಕುಮಟೆಯ ನಿಲ್ದಾಣಕ್ಕೆ ಹೊಕ್ಕಿತು. ಮಾಸ್ತರರು ಕೊಡೆಯನ್ನೂ ಮಲ್ಲಿಗೆಯ ಪೊಟ್ಟಣವನ್ನೂ ಎತ್ತಿಕೊಂಡು ಇಳಿದರು. ಕಿಟಕಿಯ ಕೆಳಗೆ ಬಂದು, “ಕೊಟ್ಟಾದ ಮೇಲೆ ಕೂಡಲೆ ಏಳಬೇಡ. ನೀರು ಚೆನ್ನಾಗಿ ಕುಡಿ,” ಎಂದು ಮಕ್ಕಳಿಗೆ ಹೇಳುವಂತೆ ಹೇಳಿದರು. ಯುವಕ ಕೈಮುಗಿದನು.

ಕಾರವಾರ ಇನ್ನೂ ಸುಮಾರು 70 ಕಿಲೋಮೀಟರು. ಬಸ್ಸು ಮಿರ್ಜಾನಿನ ಕಡೆಗೆ, ಅಘನಾಶಿನಿಯ ಸೇತುವೆಯ ಕಡೆಗೆ ಹೊರಳಿತು. ಮಳೆ ಬಿಟ್ಟಿರಲಿಲ್ಲ. ಯುವಕ ಕಿಟಕಿಯ ಪಕ್ಕಕ್ಕೆ ಸರಿದು ಕುಳಿತಿದ್ದನು. ಅವನ ಕೈ ಈಗ ಜೇಬಿನ ಮೇಲಿರಲಿಲ್ಲ.